ಗೌರಿ ಹೂ: ಕಣ್ಣಿಗೆ ಹಬ್ಬ, ಗೆಡ್ಡೆಗೆ ಜೋಕೆ!

‘ಸಾರ್, ಇದು ಗೆಣಸಾ?’

ಎಂಟನೇ ತರಗತಿಯ ಹುಡುಗನೊಬ್ಬ ಗೆಡ್ಡೆಯ ಮಣ್ಣನ್ನು ಚಡ್ಡಿಗೆ ಒರೆಸುತ್ತಾ ಕೇಳಿದ. ಇನ್ನೇನು ಕಚ್ಚುವುದರಲ್ಲಿದ್ದ. ನನ್ನ ಎದೆ ಧಸಕ್ಕೆಂದಿತು. ಅದು ಗೌರಿ ಹೂವಿನ ಗೆಡ್ಡೆ. ಶಾಲೆಯ ಕೈತೋಟದಲ್ಲಿ ಅಗೆದು ತೆಗೆದು, ಜಗಲಿಯ ಮೇಲೆ ಬಿಟ್ಟು ಪಾಠಕ್ಕೆ ಹೋದವನು ನಾನೇ. ತಪ್ಪು ಹುಡುಗನದಲ್ಲ, ನನ್ನದು.

ಗಿಡವನ್ನೇ ಕಿತ್ತೆಸೆಯಬೇಕು ಎನ್ನಿಸಿತು. ಆದರೆ ಊರಿನ ಬೇಲಿಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಅದು ತಾನಾಗಿಯೇ ಬೆಳೆಯುತ್ತದೆ. ಅಲ್ಲಿ ಕಂಡಾಗ ಹುಡುಗರು ಅದನ್ನು ಗುರುತಿಸುವುದು ಹೇಗೆ? ಆದ್ದರಿಂದ ಗಿಡವನ್ನು ಉಳಿಸಿಕೊಂಡೆ. ಅದರ ಪಾಠವನ್ನೂ ಶುರು ಮಾಡಿದೆ.

ಗುರುತು ಹೀಗೆ

ಗೌರಿ ಹಬ್ಬದ ಆಸುಪಾಸಿನಲ್ಲಿ ಅರಳುವ ಈ ಬಳ್ಳಿಗೆ ಅಗ್ನಿಶಿಖೆ ಎಂಬ ಹೆಸರೂ ಉಂಟು. ಸಸ್ಯಶಾಸ್ತ್ರದಲ್ಲಿ ಇದು ‘ಗ್ಲೋರಿಯೋಸಾ ಸುಪರ್ಬಾ’. ತಮಿಳುನಾಡಿನ ರಾಜ್ಯ ಪುಷ್ಪವೂ ಜಿಂಬಾಬ್ವೆಯ ರಾಷ್ಟ್ರೀಯ ಪುಷ್ಪವೂ ಇದೇ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಆರು ಎಸಳುಗಳು ಹಿಂದಕ್ಕೆ ಬಾಗಿ, ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತವೆ. ಶಲಾಕೆಯನ್ನು ಗಮನಿಸಿ, ಬುಡದಲ್ಲೇ ಥಟ್ಟನೆ ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ಇದರಿಂದ ಬೇರೆ ಹೂವಿನ ಪರಾಗ ತಗಲಲು ಅನುಕೂಲ. ಗೆಡ್ಡೆ ನೇಗಿಲಿನಂತೆ ಎರಡು ಕವಲಾಗಿರುವುದರಿಂದ ಸಂಸ್ಕೃತದಲ್ಲಿ ‘ಲಾಂಗಲಿ’ ಎನ್ನುತ್ತಾರೆ.

ಬೆಳೆಸುವ ಬಗೆ

ಕಾಡಿನಿಂದ ಕಿತ್ತು ತರಬೇಡಿ. ಔಷಧಿಗಾಗಿ ಅಗೆದು ಅಗೆದೇ ಎಷ್ಟೋ ಕಡೆ ಇದು ವಿರಳವಾಗಿದೆ. ನರ್ಸರಿಯಿಂದ ಗೆಡ್ಡೆ ತನ್ನಿ. ಮುಂಗಾರಿನ ಆರಂಭದಲ್ಲಿ, ನೀರು ನಿಲ್ಲದ ಮಣ್ಣಿಗೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ಎರಡು ಮೂರು ಅಂಗುಲ ಆಳದಲ್ಲಿ ಗೆಡ್ಡೆಯನ್ನು ಮಲಗಿಸಿ ನೆಡಿ. ಮೊಳಕೆಯ ಕಣ್ಣು ಇರುವುದು ಕವಲಿನ ತುದಿಯಲ್ಲಿ ಮಾತ್ರ. ತುದಿ ಮುರಿದರೆ ಆ ಕವಲು ಚಿಗುರದು. ಹತ್ತಿರದಲ್ಲೇ ಕೋಲು ಅಥವಾ ತಂತಿಯ ಆಸರೆ ಬೇಕು. ಬಳ್ಳಿಗೆ ಬಿಸಿಲು, ಬುಡಕ್ಕೆ ನೆರಳು ಇದ್ದರೆ ಒಳ್ಳೆಯದು. ಬೀಜದಿಂದಲೂ ಬೆಳೆಸಬಹುದು, ಆದರೆ ಹೂವಿಗೆ ಮೂರು ನಾಲ್ಕು ವರ್ಷ ಕಾಯಬೇಕು.

ಮಳೆಗಾಲ ಮುಗಿದ ಮೇಲೆ ಎಲೆ ಹಳದಿಯಾಗಿ ಬಳ್ಳಿ ಒಣಗುತ್ತದೆ. ಗಿಡ ಸತ್ತಿತೆಂದು ಕುಂಡ ಬರಿದು ಮಾಡುವವರೇ ಹೆಚ್ಚು. ಅದು ಸತ್ತಿಲ್ಲ, ಮಲಗಿದೆ. ಹಳೆಯ ಗೆಡ್ಡೆ ಸೊರಗಿ, ಅದರ ಜಾಗದಲ್ಲಿ ಹೊಸದು ಕೂಡಿರುತ್ತದೆ. ಈಗ ನೀರು ನಿಲ್ಲಿಸಿ. ಬೇಸಿಗೆಯಲ್ಲಿ ನೀರುಣಿಸಿದರೆ ಗೆಡ್ಡೆ ಕೊಳೆಯುತ್ತದೆ.

ವಿಷವೂ ಹೌದು, ಮದ್ದೂ ಹೌದು

ಗಿಡದ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಗೆಡ್ಡೆ, ಬೀಜಗಳಲ್ಲಿ ಹೆಚ್ಚು. ಗೆಣಸೆಂದು ತಿಳಿದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ವಾಂತಿ, ಭೇದಿ ಕೆಲವು ತಾಸುಗಳ ನಂತರ ಶುರುವಾಗಬಹುದು. ಯಾರಾದರೂ ತಿಂದರೆಂದು ತಿಳಿದ ಕೂಡಲೇ, ಲಕ್ಷಣಗಳಿಗೆ ಕಾಯದೆ, ಮನೆಮದ್ದು ಮಾಡುತ್ತಾ ಕೂರದೆ, ಗಿಡದ ತುಂಡಿನೊಂದಿಗೆ ಆಸ್ಪತ್ರೆಗೆ ಹೋಗಿ.

ಇದೇ ಕಾಲ್ಚಿಸಿನ್ ಅಳತೆ ಮೀರದಿದ್ದರೆ ಗೌಟ್ ಎಂಬ ಕೀಲುನೋವಿಗೆ ಔಷಧಿ. ಜೀವಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳು ಕೂಡಿಕೊಳ್ಳದಂತೆ ಇದು ತಡೆಯುತ್ತದೆ. ಆಗ ವರ್ಣತಂತುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. 1937ರಲ್ಲಿ ಅಮೆರಿಕದ ವಿಜ್ಞಾನಿ ಬ್ಲೇಕ್ಸ್‌ಲೀ ಸಸ್ಯಗಳಲ್ಲಿ ಇದನ್ನು ತೋರಿಸಿಕೊಟ್ಟರು. ಬೀಜವಿಲ್ಲದ ಕಲ್ಲಂಗಡಿ ಹುಟ್ಟಿದ್ದು ಈ ತಿಳಿವಳಿಕೆಯಿಂದಲೇ.

ತಂದೆತಾಯಿಯರಿಗೆ ಒಂದು ಮಾತು. ಅಂಬೆಗಾಲಿಡುವ ಮಗುವಾಗಲಿ, ಮೇಯುವ ದನವಾಗಲಿ ಮನೆಯಲ್ಲಿದ್ದರೆ ಈ ಗಿಡ ಬೇಡ. ದೊಡ್ಡ ಮಕ್ಕಳಿದ್ದರೆ ಕೈಗವಸು ಹಾಕಿ, ಜೊತೆಯಲ್ಲೇ ನಿಂತು ನೆಡಿಸಿ. ಅಗೆದ ಗೆಡ್ಡೆಯನ್ನು ಅಡಿಗೆಮನೆಯತ್ತ ಒಯ್ಯಬೇಡಿ.

ನಮ್ಮ ಶಾಲೆಯ ಬಳ್ಳಿಯ ಬುಡದಲ್ಲಿ ಈಗೊಂದು ಹಲಗೆಯಿದೆ: ‘ನೋಡಿ, ತಿನ್ನಬೇಡಿ.’ ಅದನ್ನು ಬರೆದವನು ಗೆಣಸೇ ಎಂದು ಕೇಳಿದ ಆ ಹುಡುಗನೇ.