ಚಿನ್ನದ ಆವಿಗೆ ಐವತ್ತು ಮೀಟರ್ ಬಯಲು

ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಎದುರು ನಿಂತವರಿಗೆ ಗೊತ್ತು: 52 ಮೀಟರ್ ಕೆಳಕ್ಕೆ ಧುಮುಕುವ ಘಟಪ್ರಭೆಯ ನೀರೆಲ್ಲ ನೆಟ್ಟಗೆ ಬೀಳುವುದಿಲ್ಲ. ಗಾಳಿಗೆ ಸಿಕ್ಕ ನೀರು ಒಡೆದು, ತುಂತುರಾಗಿ, ನಮ್ಮ ಮುಖಕ್ಕೇ ಬರುತ್ತದೆ. ಹೆಚ್ಚುಕಡಿಮೆ ಅಷ್ಟೇ ದೂರವನ್ನು ಯಾವುದಕ್ಕೂ ತಾಗದೆ ಹಾಯಬಲ್ಲ ಲೋಹದ ಪರಮಾಣುಗಳಿವೆ.

ಹುಕ್ಕೇರಿಯಲ್ಲೋ ಮೂಡಲಗಿಯಲ್ಲೋ ಔಷಧದ ಅಂಗಡಿಯಿಂದ ತಂದ ಶುಗರ್ ಸ್ಟ್ರಿಪ್ಪನ್ನು ನೋಡಿ. ರಕ್ತದ ಹನಿಯಿಂದ ವಿದ್ಯುತ್ತನ್ನು ಮೀಟರಿಗೆ ಒಯ್ಯುವ ಎಲೆಕ್ಟ್ರೋಡುಗಳು ಕೆಲವು ಸ್ಟ್ರಿಪ್ಪುಗಳಲ್ಲಿ ಚಿನ್ನದವು. ಅಲ್ಲಿ ಚಿನ್ನದ ದಪ್ಪ ತಲೆಗೂದಲಿನ ಸಾವಿರದ ಒಂದು ಪಾಲಿನ ಆಸುಪಾಸು. ಇಷ್ಟು ತೆಳ್ಳಗೆ ಬಳಿಯಲು ಯಾವ ಕುಂಚಕ್ಕೂ ಆಗದು. ಚಿನ್ನವನ್ನು ಆವಿ ಮಾಡಿಯೋ ಸಿಡಿಸಿಯೋ ಕೂರಿಸಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಲೋಹವನ್ನು ಹೀಗೆ ತೆಳ್ಳಗೆ ಕೂರಿಸಲೆಂದೇ ಯಂತ್ರಗಳಿವೆ. ಉಕ್ಕಿನ ಕೋಣೆಯ ತಳದಲ್ಲಿ ಚಿನ್ನದ ಚೂರು, ಮೇಲೆ ಮುಖ ಕೆಳಗಾಗಿ ಸಿಲಿಕಾನ್ ಬಿಲ್ಲೆ. ಎಲೆಕ್ಟ್ರಾನ್ ಕಿರಣ ತಾಗಿದ ಚಿನ್ನ ಕರಗಿ ಆವಿಯಾಗಿ ಮೇಲೇಳುತ್ತದೆ. ನಾವು ಉಸಿರಾಡುವ ಗಾಳಿಯಲ್ಲಾದರೆ ಅಣುವೊಂದು ಸುಮಾರು 70 ನ್ಯಾನೊಮೀಟರ್ ಸಾಗುವಷ್ಟರಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಅದಕ್ಕೇ ಮೊದಲು ಪಂಪುಗಳು ಗಾಳಿ ಹೀರಿ, ಒತ್ತಡವನ್ನು ಹೊರಗಿನದರ 76 ಕೋಟಿಯ ಒಂದು ಪಾಲಿಗೆ ಇಳಿಸುತ್ತವೆ. ಆಗ ಡಿಕ್ಕಿಯಿಲ್ಲದ ದಾರಿ ಸುಮಾರು 50 ಮೀಟರ್! ಕೋಣೆಯ ಎತ್ತರ ಅದರ ಮುಂದೆ ಏನೂ ಅಲ್ಲ. ಪರಮಾಣು ನೆಟ್ಟಗೆ ಹೋಗಿ ಬಿಲ್ಲೆಗೆ ಬಡಿಯುತ್ತದೆ. ನನಗೆ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಸುಂದರವೆನಿಸುವುದು ಈ ನೇರ ನಡೆಯೇ.

ಒಂದು ತೊಡಕುಂಟು. ಗಾಜಿನಂಥ ಮೇಲ್ಮೈಗೆ ಚಿನ್ನ ಕಚ್ಚಿಕೊಳ್ಳುವುದಿಲ್ಲ, ಟೇಪ್ ಹಚ್ಚಿ ಎಳೆದರೆ ಕಿತ್ತು ಬರುತ್ತದೆ. ಆ ಮೇಲ್ಮೈಯ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಕ್ರೋಮಿಯಂ ಅಥವಾ ಟೈಟಾನಿಯಂ ಮೊದಲು ಕೂರಬೇಕು, ಕೆಲವೇ ನ್ಯಾನೊಮೀಟರ್ ಸಾಕು. ದಪ್ಪ ಅಳೆಯುವುದು ಕಂಪಿಸುವ ಸ್ಫಟಿಕದ ಬಿಲ್ಲೆ: ಮೈಮೇಲೆ ಲೋಹ ಕೂತಂತೆ ಅದರ ಕಂಪನ ನಿಧಾನವಾಗುತ್ತದೆ.

ಇನ್ನು ಆಕಾರ. ಬಿಲ್ಲೆಗೆ ಮೊದಲೇ ಫೋಟೊರೆಸಿಸ್ಟ್ ಎಂಬ ಪದರ ಹಚ್ಚಿ, ಬೆಳಕಿನಿಂದ ಚಿತ್ತಾರ ಮೂಡಿಸಿ, ಎಲೆಕ್ಟ್ರೋಡು ಬೇಕಾದ ಜಾಗವನ್ನಷ್ಟೇ ತೆರವು ಮಾಡಿರುತ್ತಾರೆ, ರಂಗೋಲಿ ಅಚ್ಚಿನ ಹಾಗೆ. ಆರ್ಗಾನ್ ಅಯಾನುಗಳಿಂದ ಲೋಹವನ್ನು ಸಿಡಿಸುವ ಸ್ಪಟರಿಂಗ್ ಬಳಸಿದರೆ ಪರಮಾಣುಗಳು ಚೆದುರಿ ಅಚ್ಚಿನ ಪಕ್ಕದ ಗೋಡೆಗೂ ಮೆತ್ತುತ್ತವೆ, ಅಚ್ಚನ್ನು ಬಿಡಿಸುವಾಗ ಅಂಚು ಹರಿಯುತ್ತದೆ. ನೇರ ಬಂದ ಆವಿ ಗೋಡೆಯನ್ನು ಮುಟ್ಟುವುದಿಲ್ಲ. ಕೊನೆಗೆ ಬಿಲ್ಲೆಯನ್ನು ಅಸಿಟೋನಿನಲ್ಲಿ ಮುಳುಗಿಸಿದರೆ ಫೋಟೊರೆಸಿಸ್ಟ್ ಕರಗಿ, ಅದರ ಮೇಲಿದ್ದ ಚಿನ್ನ ಹಾಳೆಹಾಳೆಯಾಗಿ ಎದ್ದು ತೇಲುತ್ತದೆ. ಕೆಳಗೆ, ಬಿಲ್ಲೆಯ ಮೇಲೆ, ಕೂದಲಿಗಿಂತ ಸಣ್ಣ ಗೆರೆಗಳು ಉಳಿಯುತ್ತವೆ.