ಕಥೆ ಮುಗೀತಾ, ಇನ್ನೂ ಇದೆಯಾ?

ಶಿವಮೊಗ್ಗದಲ್ಲಿ ಸಿನಿಮಾ ನೋಡಿ ಹೊನ್ನಾಳಿ ಬಸ್ಸು ಹತ್ತಿದರೆ ನಮ್ಮ ಹೊಳಲೂರು ಬರುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ: ‘ಅರ್ಧಕ್ಕೇ ಬಿಟ್ಟಿದಾರೆ ಮಾರಾಯ, ಪಾರ್ಟ್ ಟೂಗೆ ದುಡ್ಡು ಮಾಡ್ಬೇಕಲ್ಲ!’ ಈ ತೀರ್ಪಿನ ಮೇಲೆ ನನ್ನದೊಂದು ಮೇಲ್ಮನವಿ.

ತಪ್ಪು ಕಲ್ಪನೆ: ಮುಂದಿನ ಭಾಗ ಬೇಕೆಂದರೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬೇಕು.
ವಾಸ್ತವ: 2018ರ ‘ಕೆಜಿಎಫ್’ ನೆನಪಿಸಿಕೊಳ್ಳಿ. ನಾಯಕ ರಾಕಿ ನರಾಚಿಯ ಚಿನ್ನದ ಗಣಿಗೆ ಹೋದದ್ದು ಅದನ್ನು ಆಳುತ್ತಿದ್ದ ಗರುಡನನ್ನು ಮುಗಿಸಲು; ಮುಗಿಸಿದ. ಅಲ್ಲಿಗೆ ಲೆಕ್ಕ ಚುಕ್ತಾ. ಉಳಿದದ್ದು ಆ ಗಣಿ ಇನ್ನು ಯಾರ ಕೈಗೆ ಎಂಬ ಬೇರೆಯದೇ ಪ್ರಶ್ನೆ. ಕೇಳಿದ್ದಕ್ಕೆ ಉತ್ತರ ಕೊಟ್ಟು ಹೊಸದೊಂದನ್ನು ಎತ್ತಿಬಿಡುವುದು ಕಸುಬು. ಉತ್ತರವನ್ನೇ ಕೊಡದೆ ಎದ್ದುಹೋಗುವುದು ಮಾತ್ರ ಸೋಮಾರಿತನ.

ತಪ್ಪು ಕಲ್ಪನೆ: ಎರಡನೆಯ ಚಿತ್ರ ಬಂತೆಂದರೆ ಕಥೆ ಮುಂದಕ್ಕೇ ಹೋಗುತ್ತದೆ.
ವಾಸ್ತವ: 2022ರ ‘ಕಾಂತಾರ’ದ ಕೊನೆಗೆ ನಾಯಕ ಶಿವ ಕಾಡಿನಲ್ಲಿ ಮರೆಯಾದ. ಎಲ್ಲಿ ಹೋದನೆಂದು ಜನ ಮೂರು ವರ್ಷ ಕಾದರೆ, 2025ರ ‘ಚಾಪ್ಟರ್ 1’ ಸೀದಾ ಹಿಂದಕ್ಕೆ, ಕದಂಬರ ಕಾಲಕ್ಕೆ ಕರೆದೊಯ್ಯಿತು.

ತಪ್ಪು ಕಲ್ಪನೆ: ಇದೆಲ್ಲ ಸಿನಿಮಾದವರ ಹೊಸ ವ್ಯಾಪಾರ.
ವಾಸ್ತವ: ವಾರಪತ್ರಿಕೆಯ ಧಾರಾವಾಹಿ ಓದಿದವರಿಗೆ ‘ಸಶೇಷ’ ಎಂಬ ಪದದ ಸಂಕಟ ಗೊತ್ತು. ಅದಕ್ಕೂ ಹಿಂದೆ, ಕುಮಾರವ್ಯಾಸನ ಭಾರತ ಹತ್ತು ಪರ್ವಕ್ಕೆ, ಗದಾಪರ್ವದಲ್ಲಿ ನಿಂತಿತು. ಉಳಿದದ್ದನ್ನು ಪೂರೈಸಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಆದರೂ ಗಮಕಿಗಳ ಬಾಯಲ್ಲಿ ನಲಿದಾಡುವವನು ಕುಮಾರವ್ಯಾಸನೇ. ಪಾಪ, ತಿಮ್ಮಣ್ಣ!

ತಪ್ಪು ಕಲ್ಪನೆ: ಬಾಗಿಲು ತೆರೆದಿಟ್ಟ ಮೇಲೆ ಎರಡನೆಯ ಭಾಗ ಬರಲೇಬೇಕು.
ವಾಸ್ತವ: ನಮ್ಮ ಜಿಲ್ಲೆಯವರೇ ಆದ ಅನಂತಮೂರ್ತಿಯವರ ‘ಸಂಸ್ಕಾರ’ ಓದಿ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರವೆಲ್ಲ ತಲೆಕೆಡಿಸಿಕೊಂಡಿರುವಾಗಲೇ ಅವನ ಜೊತೆ ಬಾಳಿದ್ದ ಚಂದ್ರಿ ರಾತ್ರಿ ಗುಟ್ಟಾಗಿ ದಹನ ಮಾಡಿಸಿಬಿಡುತ್ತಾಳೆ. ಆ ಪ್ರಶ್ನೆ ಕಾದಂಬರಿಯ ನಡುವೆಯೇ ತೀರಿಹೋಯಿತು. ಆದರೆ ಅದು ಅಗ್ರಹಾರದ ಮುಖಂಡರಾದ ಪ್ರಾಣೇಶಾಚಾರ್ಯರಿಗೆ ಗೊತ್ತಿಲ್ಲ. ತಾವು ಏನಾಗಿದ್ದೇವೆಂದು ಅಗ್ರಹಾರಕ್ಕೆ ಹೇಳಬೇಕೋ ಬೇಡವೋ ಎಂಬ ತಳಮಳ ಹೊತ್ತು ಅವರು ಊರ ಕಡೆಯ ಗಾಡಿ ಹತ್ತುತ್ತಾರೆ. ದಾರಿ ಇನ್ನೂ ಕೆಲವು ಗಂಟೆಗಳದ್ದು. ಕಾದಂಬರಿ ಅಲ್ಲಿಗೇ ನಿಲ್ಲುತ್ತದೆ.

ಅದು ಪ್ರಕಟವಾದದ್ದು 1965ರಲ್ಲಿ. ಅನಂತಮೂರ್ತಿ 2014ರಲ್ಲಿ ತೀರಿಕೊಂಡರು. ಎರಡನೆಯ ಭಾಗ ಬರೆಯಲಿಲ್ಲ.