36 ಕಿರೀಟ ಕತ್ತರಿಸಿದ ಮೇಲೆ ಕಲಿತ ಪಾಠ

ಶುಕ್ರವಾರ ರಾತ್ರಿ ಒಂಬತ್ತೂವರೆ. ಬಸವನ ಬಾಗೇವಾಡಿಯಲ್ಲಿರುವ ನಮ್ಮ ಕಾಕಾನ ಅಂಗಡಿ. ಲೇಸರ್ ಮಷೀನಿನ ಮುಚ್ಚಳ ತೆಗೆದು ಏಳನೇ ಹಾಳೆಯ ತುಂಡುಗಳನ್ನು ಮೇಜಿನ ಮೇಲೆ ಹರವಿದೆ. ಕಾಕಾ ಕನ್ನಡಕ ಸರಿ ಮಾಡಿಕೊಂಡು ಒಂದನ್ನು ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತು ಮಾತೇ ಇಲ್ಲ.

‘ಯವ್ವಾ, ಅಣ್ಣನ ಕಿರೀಟಾನ ಕತ್ತರಿಸಿಬಿಟ್ಟೀಯಲ್ಲ!’

ನೋಡಿದರೆ ಹೌದು. ಬಸವಣ್ಣನವರ ಕಿರೀಟದ ತುದಿ ಹಾರಿಹೋಗಿತ್ತು. ಕೆಳಗೆ ಭುಜದ ಪಕ್ಕದಲ್ಲಿ ಮೂರು ಮಿಲಿಮೀಟರ್ ಬಿಳಿ ಅಂಚು. ಹಿಂದಿನ ಹಾಳೆಗಳನ್ನೂ ತೆಗೆದು ನೋಡಿದೆ. ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ. ಮೊದಲ ಹಾಳೆಯೊಂದೇ ಸರಿ. ಆರು ಹಾಳೆ, ಒಂದರಲ್ಲಿ ಆರು ಚಿತ್ರ, ಒಟ್ಟು 36 ಹಾಳು. ಭಾನುವಾರ ಬೆಳಿಗ್ಗೆ ಬಸವ ಜಯಂತಿ ಕಾರ್ಯಕ್ರಮಕ್ಕೆ 60 ಸ್ಮರಣಿಕೆ ಕೊಡಬೇಕಿತ್ತು.

ಕಾಕುನ ಬಳೆ, ನನ್ನ ಮಷೀನು

ನಾನು ಓದಿದ್ದು ಎಂಜಿನಿಯರಿಂಗ್, ಹಗಲಿನ ಕೆಲಸ ಸಾಫ್ಟ್‌ವೇರ್. ಮನೆಯಿಂದಲೇ ಕೆಲಸ ಅಂದಾಗ ಬೆಂಗಳೂರಿನ ರೂಮು ಬಿಟ್ಟು ಊರಿಗೆ ಬಂದೆ. ಕಾಕಾನದು ಮದುವೆ ಕಾರ್ಡು, ಬೋರ್ಡು ಬರೆಯುವ ಹಳೆಯ ಅಂಗಡಿ. ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಕೆಲಸ ಕಡಿಮೆಯಾಗಿತ್ತು. ‘ಲೇಸರ್ ಮಷೀನ್ ಹಾಕೋಣ ಕಾಕಾ’ ಅಂದವಳು ನಾನೇ. ನನ್ನ ಉಳಿತಾಯ ಸಾಲಲಿಲ್ಲ. ಕಾಕು ತಮ್ಮ ಎರಡು ಬಳೆ ಅಡ ಇಟ್ಟು ಉಳಿದ ಹಣ ಕೊಟ್ಟರು.

ಕೆಲಸವೇನೋ ಬರತೊಡಗಿತು. ಮುದ್ದೇಬಿಹಾಳದಿಂದ ಮನೆಯ ನಾಮಫಲಕ, ಸಿಂದಗಿಯಿಂದ ಶಾಲೆಯ ಬ್ಯಾಡ್ಜು, ಜಿಐ ಮಾನ್ಯತೆ ಪಡೆದ ನಿಂಬೆಯ ಊರು ಇಂಡಿಯಿಂದ ನಿಂಬೆಹಣ್ಣಿನ ಆಕಾರದ ಕೀ ಚೈನು. ಇವೆಲ್ಲ ಬರೀ ಕತ್ತರಿಸುವ, ಕೆತ್ತುವ ಕೆಲಸ. ಮಷೀನಿನಲ್ಲಿ ಗೆರೆ ಹಾಕಿದರೆ ಮುಗಿಯಿತು.

ಬಸವಣ್ಣನವರ ಆರ್ಡರ್ ಬೇರೆ ತರಹದ್ದು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ‘ಸಾಂಸ್ಕೃತಿಕ ನಾಯಕ’ ಎಂದು ಘೋಷಿಸಿತು. ಮರುತಿಂಗಳು ಸರ್ಕಾರಿ ಕಚೇರಿಗಳಲ್ಲಿ ಭಾವಚಿತ್ರ ಬಂತು. ಅವರು ಹುಟ್ಟಿದ ಊರಿನಲ್ಲಿ ಆ ಚಿತ್ರದ ಸ್ಮರಣಿಕೆ ಕೇಳುವವರಿಗೆ ಕೊರತೆಯೇ? ಇಲ್ಲಿ ಬಣ್ಣದ ಚಿತ್ರ ಮೊದಲು ಪ್ರಿಂಟ್ ಆಗಬೇಕು, 3 ಮಿ.ಮೀ. ಎಂಡಿಎಫ್ ಹಲಗೆಗೆ ಅಂಟಬೇಕು, ಆಮೇಲೆ ಚಿತ್ರದ ಅಂಚು ಹಿಡಿದು ಲೇಸರ್ ಓಡಬೇಕು. ಮೊದಲ ಹಾಳೆ ಸರಿ ಬಂತು. ಸರಿ ಬಂದದ್ದೇ ಮೋಸ ಮಾಡಿತು. ಉಳಿದ ಹಾಳೆಗಳನ್ನು ಅದೇ ಜಾಗದಲ್ಲಿ ಇಟ್ಟು ಬಟನ್ ಒತ್ತುತ್ತಾ ಹೋದೆ. ಕಿವಿಯಲ್ಲಿ ಆಫೀಸಿನ ಕಾಲ್ ಇತ್ತು.

ತಪ್ಪು ಎಲ್ಲಿತ್ತು?

‘ಮಷೀನ್ ಸರಿ ಇಲ್ಲ’ ಅಂತ ಮೊದಲು ಅದರ ಮೇಲೇ ಹಾಕಿದೆ. ಕಾಕಾ ಒಪ್ಪಲಿಲ್ಲ. ‘ಮಷೀನ್ ನೀ ಹೇಳಿದಲ್ಲೇ ಕೊಯ್ದೈತಿ. ಚಿತ್ರ ಎಲ್ಲೈತಿ ಅಂತ ಅದಕ್ಕ ಯಾರ ಹೇಳ್ಯಾರ?’

ಅಲ್ಲೇ ಇತ್ತು ನೋಡಿ ವಿಷಯ. ಲೇಸರ್‌ಗೆ ಕಣ್ಣಿಲ್ಲ. ಕಂಪ್ಯೂಟರಿನಲ್ಲಿರುವ ಗೆರೆ ಅದಕ್ಕೆ ಗೊತ್ತು, ಹಲಗೆಯ ಮೇಲಿರುವ ಚಿತ್ರ ಗೊತ್ತಿಲ್ಲ. ನಾನು ಕೈಯಿಂದ ಅಂಟಿಸಿದ ಹಾಳೆಗಳು ಒಂದೊಂದೂ ಕೂದಲೆಳೆಯಷ್ಟು ಓರೆ. ಅರ್ಧ ಡಿಗ್ರಿ ಓರೆಯಾದರೂ 400 ಮಿ.ಮೀ. ದೂರದಲ್ಲಿ ಗೆರೆ ಮೂರೂವರೆ ಮಿಲಿಮೀಟರ್ ಸರಿದಿರುತ್ತದೆ. ಕಿರೀಟ ಹೋಗಲು ಅಷ್ಟು ಸಾಕು.

ಕಾಕಾ ಅಟ್ಟದ ಮೇಲಿಂದ ಧೂಳು ಹಿಡಿದ ಕಟ್ಟಿಗೆಯ ಚೌಕಟ್ಟು ಇಳಿಸಿದರು. ಮದುವೆ ಕಾರ್ಡಿನ ಸ್ಕ್ರೀನ್ ಪ್ರಿಂಟಿಂಗ್‌ನದು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್. ಗಣಪತಿಯ ಕೆಂಪು ಒಂದರಲ್ಲಿ, ಹಳದಿ ಇನ್ನೊಂದರಲ್ಲಿ. ಮೂಲೆಯಲ್ಲಿ ಸಣ್ಣ ಕೂಡಿಸುವ ಚಿಹ್ನೆ. ‘ಈ ಪ್ಲಸ್ಸಿನ ಮ್ಯಾಲ ಆ ಪ್ಲಸ್ ಕುಂತ್ರ ಬಣ್ಣ ಕುಂತಂಗ. ನಾವೂ ಹಿಂಗ ಮಾಡ್ತಿದ್ವಿ.’

ನನಗೆ ಬೆಳಕಾಯಿತು. ನಾನು ಬಳಸುವ ಲೈಟ್‌ಬರ್ನ್ ಸಾಫ್ಟ್‌ವೇರಿನಲ್ಲಿ ‘ಪ್ರಿಂಟ್ ಆ್ಯಂಡ್ ಕಟ್’ ಎಂಬ ಸೌಲಭ್ಯ ಇದೆ. ಕಾಕಾನ ಪ್ಲಸ್ ಗುರುತೇ ಅದು, ಹೆಸರು ಮಾತ್ರ ಹೊಸದು. ನಾನು ಅದನ್ನು ತೆರೆದೇ ನೋಡಿರಲಿಲ್ಲ.

ಎರಡು ಗುರುತಿನ ಲೆಕ್ಕ

ನೀವೂ ಇಂಥ ಕೆಲಸಕ್ಕೆ ಕೈಹಾಕುವವರಿದ್ದರೆ ಇಷ್ಟು ನೆನಪಿಡಿ.

ಡಿಸೈನ್ ಮಾಡುವಾಗಲೇ ಹಾಳೆಯ ಎರಡು ಎದುರುಬದುರು ಮೂಲೆಗಳಲ್ಲಿ ಪ್ಲಸ್ ಗುರುತು ಹಾಕಿ. ಒಂದಕ್ಕೊಂದು ಎಷ್ಟು ದೂರವೋ ಅಷ್ಟು ಒಳ್ಳೆಯದು. ಗುರುತೂ ಚಿತ್ರವೂ ಒಟ್ಟಿಗೆ ಪ್ರಿಂಟ್ ಆಗಲಿ. ಅಂಟಿಸಿದ ಹಲಗೆಯನ್ನು ಮಷೀನಿನಲ್ಲಿ ಹೇಗೇ ಇಟ್ಟರೂ ನಡೆಯುತ್ತದೆ, ಆದರೆ ಇಟ್ಟ ಮೇಲೆ ಅಲ್ಲಾಡಬಾರದು. ಕೆಂಪು ಚುಕ್ಕೆಯನ್ನು ಮೊದಲ ಗುರುತಿನ ನಡುಮಧ್ಯಕ್ಕೆ ತಂದು ಸಾಫ್ಟ್‌ವೇರಿಗೆ ‘ಇದೇ ಅದು’ ಎಂದು ತಿಳಿಸಿ. ಎರಡನೆಯದಕ್ಕೂ ಹಾಗೇ. ಚಿತ್ರ ಎಲ್ಲಿದೆ, ಎಷ್ಟು ಓರೆಯಾಗಿದೆ ಎಂದು ಅದು ಲೆಕ್ಕ ಹಾಕಿ ಕತ್ತರಿಸುವ ಗೆರೆಯನ್ನೂ ಅಷ್ಟೇ ತಿರುಗಿಸುತ್ತದೆ. ಪ್ರತಿ ಹಾಳೆಗೂ ಇದನ್ನು ಹೊಸದಾಗಿ ಮಾಡಬೇಕು. ನಾನು ತಪ್ಪಿದ್ದು ಇಲ್ಲೇ.

ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಆಯ್ಕೆ ಬೇಡ, ‘100%’ ಇರಲಿ. ಪ್ರಿಂಟರ್ ಸದ್ದಿಲ್ಲದೆ 97%ಗೆ ಇಳಿಸಿದರೆ 400 ಮಿ.ಮೀ. ಚಿತ್ರ 388ಕ್ಕೆ ಬಂದಿರುತ್ತದೆ. ಬಂದ ಹಾಳೆಯಲ್ಲಿ ಎರಡು ಗುರುತಿನ ನಡುವಿನ ಅಂತರವನ್ನು ಸ್ಕೇಲ್ ಹಿಡಿದು ಅಳೆಯಿರಿ.

ಚಿತ್ರದ ಹಿನ್ನೆಲೆ ಬಣ್ಣ ಕತ್ತರಿಸುವ ಗೆರೆಯಿಂದ ಎರಡು ಮೂರು ಮಿಲಿಮೀಟರ್ ಆಚೆಗೂ ಹರಡಿರಲಿ. ಆಗ ಗೆರೆ ಕೂದಲಷ್ಟು ಸರಿದರೂ ಬಿಳಿ ಅಂಚು ಕಾಣುವುದಿಲ್ಲ.

ಇಷ್ಟಾದರೂ ನಮ್ಮ ಪರೀಕ್ಷೆಯ ತುಂಡು ಎಲ್ಲ ಕಡೆ ಒಂದೇ ದಿಕ್ಕಿಗೆ ಒಂದು ಮಿಲಿಮೀಟರ್ ಸರಿದಿತ್ತು. ಕೆಂಪು ಚುಕ್ಕೆ ಬೀಳುವ ಜಾಗವೇ ಬೇರೆ, ಲೇಸರ್ ಸುಡುವ ಜಾಗವೇ ಬೇರೆ! ಕಾಗದದ ಟೇಪ್ ಅಂಟಿಸಿ, ಕಡಿಮೆ ಪವರಿನಲ್ಲಿ ಒಂದು ಚುಕ್ಕೆ ಸುಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕೆಂಪು ದೀಪವನ್ನು ಆ ಸುಟ್ಟ ಚುಕ್ಕೆಗೆ ಹೊಂದಿಸಿದೆವು.

ನಮ್ಮ ಕಡೆ ಕರೆಂಟಿನದೂ ಒಂದು ಕಥೆ. ನಡುವೆ ಹೋದರೆ ಲೇಸರ್ ತಲೆಗೆ ತಾನೆಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಮೂಲೆಗೆ ಹೋಗಿ ಸ್ವಿಚ್ ಮುಟ್ಟಿ ಮತ್ತೆ ಸೊನ್ನೆಯಿಂದ ಎಣಿಸುವ ಹೋಮಿಂಗ್ ವ್ಯವಸ್ಥೆ ಇರುವ ಮಷೀನನ್ನೇ ಕೊಳ್ಳಿ. ಹಲಗೆ ಅಲ್ಲಾಡದಿದ್ದರೆ ಕೆಲಸ ಉಳಿಯುತ್ತದೆ.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ಫ್ಲೆಕ್ಸ್, ವಿನೈಲ್ ಸ್ಟಿಕ್ಕರ್ ಇವನ್ನು ಲೇಸರ್‌ಗೆ ಹಾಕಬೇಡಿ. ಅವು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಎದೆಗೂ ಕೇಡು, ಮಷೀನಿಗೂ ತುಕ್ಕು. ಕಾಗದದ ಸ್ಟಿಕ್ಕರ್ ಬಳಸಿ. ಮಷೀನ್ ಓಡುವಾಗ ಹೊಗೆ ಎಳೆಯುವ ಫ್ಯಾನ್ ಓಡುತ್ತಿರಲಿ, ನೀವು ಪಕ್ಕದಲ್ಲೇ ಇರಿ, ಕಣ್ಣು ಅದರ ಮೇಲಿರಲಿ. ಆಫೀಸಿನ ಕಾಲ್ ಆಮೇಲೆ.

ಶನಿವಾರ

ಉಳಿದಿದ್ದ ಮೂರು ಹಾಳೆಗಳಲ್ಲೂ ಗುರುತಿರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ವಿಜಯಪುರಕ್ಕೆ ಹೋಗಿ ಒಂಬತ್ತು ಹಾಳೆ ಹೊಸದಾಗಿ ಪ್ರಿಂಟ್ ಹಾಕಿಸಿದೆ. ಮಧ್ಯಾಹ್ನ ಕಾಕಾ ಅಂಟಿಸುತ್ತಾ ಹೋದರು, ನಾನು ಚುಕ್ಕೆ ಕೂಡಿಸುತ್ತಾ ಹೋದೆ. ನನ್ನ ಕಣ್ಣಿಗೆ ಸರಿ ಕಂಡದ್ದನ್ನು ಕಾಕಾ ಎರಡು ಸಲ ತಿದ್ದಿಸಿದರು. ‘ಇನ್ನಾ ಒಂದು ಗೆರಿ ಬಲಕ್ಕ ಸರಸು.’ ಮೂವತ್ತು ವರ್ಷ ಬಣ್ಣದ ಮೇಲೆ ಬಣ್ಣ ಕೂಡಿಸಿದ ಕಣ್ಣು ಅದು. ರಾತ್ರಿ ಹನ್ನೊಂದಕ್ಕೆ ಅರವತ್ತೂ ಸಿದ್ಧವಾದವು. ಲಾಭ ಏನೂ ಉಳಿಯಲಿಲ್ಲ. ಕಾಕುಗೆ ಹೇಳಿದರೆ, ‘ಬಳಿ ಎಲ್ಲಿ ಹೋಗತಾವ, ಮದಲ ಉಣ್ಣು’ ಅಂದರು.

ಹಾಳಾದ 36 ಹಾಗೇ ಮೂಲೆಯಲ್ಲಿದ್ದವು. ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ, ಅಣ್ಣನ ಚಿತ್ರ ಕಸಕ್ಕೆ ಹೇಗೆ ಹಾಕೋದು? ಮರುವಾರ ಕಾಕಾನೇ ದಾರಿ ಹೇಳಿದರು. ಮುಖಕ್ಕೆ ಏನೂ ಆಗಿಲ್ಲ, ಸುತ್ತ ದುಂಡಗೆ ಕೊಯ್ದರೆ? ದುಂಡಗಿನದಕ್ಕೆ ಓರೆಯ ಚಿಂತೆಯೂ ಇಲ್ಲ, ನಡುಬಿಂದು ಒಂದು ಸಿಕ್ಕರೆ ಸಾಕು. ಕೆಂಪು ಚುಕ್ಕೆಯನ್ನು ಮೂಗಿನ ತುದಿಗೆ ತಂದು, ಅಲ್ಲಿಂದ ಅಳತೆ ಹಿಡಿದು ಒಂದೊಂದಾಗಿ ವೃತ್ತ ಕತ್ತರಿಸಿದೆವು. ಮೇಲೊಂದು ತೂತು, ಒಂದು ರಿಂಗು. 36 ಕೀ ಚೈನುಗಳನ್ನು ಓಣಿಯ ಶಾಲೆಯ ಮಕ್ಕಳಿಗೆ ಹಂಚಿದೆವು.

ಕಾಕಾನ ಸೈಕಲ್ ಬೀಗದ ಕೈಗೂ ಒಂದಿದೆ. ಎಣಿಸಿದರೆ ಮಕ್ಕಳಿಗೆ ಕೊಟ್ಟಿದ್ದು 35.